ಮಗಳಿಗೊಂದು ಪತ್ರ: ಅಜ್ಜನ ರಟ್ಟಿನ ಪಟ್ಟಿ

ಪುಟ್ಟಿ,

ನಿನ್ನೆ ಫೋನಲ್ಲಿ ನೀನು ಅತ್ತಿದ್ದು ಕೇಳಿ ರಾತ್ರಿ ನಂಗೆ ಸರಿಯಾಗಿ ನಿದ್ದೆನೇ ಬರ್ಲಿಲ್ಲ ಕಣೆ. 800 ಸಾಲಿನ ಸಂಬಳದ ಎಕ್ಸೆಲ್ ಶೀಟಲ್ಲಿ ಪಿಎಫ್ (ಭವಿಷ್ಯನಿಧಿ) ಕಾಲಮ್ಮಿಗೆ ಹಾಕ್ಬೇಕಿದ್ದ ಅಂಕಿಯನ್ನ ಪಕ್ಕದ ಇಎಸ್‌ಐ (ನೌಕರರ ವಿಮೆ) ಕಾಲಮ್ಮಿಗೆ ಹಾಕ್ಬಿಟ್ಟೆ ಅಂದ್ಯಲ್ಲ, ಕೆಳಗೆ ಹೋಗ್ತಾ ಹೋಗ್ತಾ ಹೆಡಿಂಗ್ ಮೇಲೆ ಮರೆಯಾದ್ರೆ ಯಾರಿಗಾದ್ರೂ ಹಂಗಾಗತ್ತೆ. ನಾನು ಅಡಿಕೆ ಮಂಡಿಲಿ ಲೆಕ್ಕ ಬರೀತಿದ್ದಾಗ ಒಬ್ಬ ರೈತರ 6 ಕ್ವಿಂಟಾಲ್ ರಾಶಿ ಅಡಿಕೆನ ಕಡಿಮೆ ದರ್ಜೆಯ ಗೊರಬಲು ಅಡಿಕೆ ಕಾಲಮ್ಮಿಗೆ ಹಾಕಿದ್ದೆ, ಆ ಎರಡು ರೇಟಿಗೆ ಎಷ್ಟು ಅಂತರ ಅಂತ ನಿಂಗೇ ಗೊತ್ತು, ಅವ್ರು ಲೆಕ್ಕದ ಪಟ್ಟಿ ಹಿಡ್ಕೊಂಡು ಬಂದು ಏನೂ ಮಾತಾಡ್ದೆ ನನ್ನ ಟೇಬಲ್ ಮುಂದೆ ನಿಂತಿದ್ದು ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಿಮ್ಮಜ್ಜ ಲೆಡ್ಜರ್ ಬರೆಯುವಾಗ ಒಂದು ರಟ್ಟಿನ ಪಟ್ಟಿ ಮೇಲೆ ಕಾಲಮ್ ಹೆಸರೆಲ್ಲ ಬರ್ಕೊಂಡು ಯಾವ ಪುಟ ತೆಗೆದ್ರೂ ಅದನ್ನ ಪುಟದ ಮೇಲ್ತುದಿಲಿ ಇಟ್ಕೊಂಡೇ ಬರೀತಿದ್ರು. ಎಕ್ಸೆಲ್‌ನಲ್ಲಿ ಆ ರಟ್ಟೇ ಫ್ರೀಜ್ ಪೇನ್ಸ್. ನಿನ್ನ ಹೆಡಿಂಗ್ 3ನೇ ಸಾಲಲ್ಲಿದೆ, ಹೆಸರು ಬಿ ಕಾಲಮ್ಮಲ್ಲಿದೆ ಅಲ್ವಾ, ಹಂಗಾದ್ರೆ ಸಿ4 ಸೆಲ್ ಮೇಲೆ ಕ್ಲಿಕ್ ಮಾಡಿ ಮೇಲಿರೋ ವ್ಯೂ ಟ್ಯಾಬಿಗೆ ಹೋಗಿ ಫ್ರೀಜ್ ಪೇನ್ಸ್ ಒತ್ತು, ಅದರ ಮೇಲಿನ ಸಾಲುಗಳು ಎಡಗಡೆ ಕಾಲಮ್‌ಗಳು ಅಲ್ಲೇ ನಿಂತ್ಕೊಳ್ತವೆ. ಆದ್ರೆ ಮೊದ್ಲು ಶೀಟನ್ನ ಪೂರ್ತಿ ಮೇಲಕ್ಕೆ ತಂದ್ಕೋ. ಅರ್ಧ ಕೆಳಗಿದ್ದಾಗ ಫ್ರೀಜ್ ಮಾಡಿದ್ರೆ ಮೇಲೆ ಮರೆಯಾಗಿರೋ ಸಾಲುಗಳು ಅನ್‌ಫ್ರೀಜ್ ಮಾಡೋವರೆಗೂ ಕಾಣ್ಸಲ್ಲ, ಡೇಟಾನೇ ಹೋಯ್ತು ಅಂತ ಜೀವ ಬಾಯಿಗೆ ಬರತ್ತೆ.

ಇನ್ನೊಂದಿದೆ, ಸ್ಪ್ಲಿಟ್. ನಂಗೆ ಇದೇ ಜಾಸ್ತಿ ಇಷ್ಟ. ಎ20 ಸೆಲ್ಲಲ್ಲಿ ನಿಂತು ವ್ಯೂನಲ್ಲಿ ಸ್ಪ್ಲಿಟ್ ಒತ್ತಿದ್ರೆ ಅಡ್ಡಕ್ಕೊಂದು ಗೆರೆ ಬಂದು ಕಿಟಕಿ ಎರಡು ಭಾಗ ಆಗತ್ತೆ, ಎರಡನ್ನೂ ಬೇರೆ ಬೇರೆಯಾಗಿ ಮೇಲೆ ಕೆಳಗೆ ಓಡಿಸ್ಬಹುದು. ಕೆಳಗಿನ ಭಾಗದಲ್ಲಿ ಕೊನೇ ಸಾಲಿನ ಟೋಟಲ್ ಇಟ್ಕೋ, ಮೇಲಿನದ್ರಲ್ಲಿ ಒಬ್ಬೊಬ್ಬರ ಅಂಕಿ ತಿದ್ದುತ್ತಾ ಬಾ, ತಿದ್ದಿದ ಕೂಡ್ಲೇ ಟೋಟಲ್ ಬದಲಾಗೋದು ಕಾಣ್ತಿರತ್ತೆ, ಎಲ್ಲಿ ಎಡವಿದೆ ಅಂತ ಆಗ್ಲೇ ಗೊತ್ತಾಗತ್ತೆ. ಗೆರೆ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಹೋಗತ್ತೆ. ಒಂದು ನೆನಪಿರ್ಲಿ, ಕೆಳಗಡೆ ಕಾಣೋದು ಕಾಪಿ ಅಲ್ಲ ಕಣೆ, ಅದೇ ಶೀಟು, ಅಲ್ಲಿ ಅಳಿಸಿದ್ರೆ ನಿಜವಾಗ್ಲೂ ಅಳಿದುಹೋಗತ್ತೆ. ಸ್ಪ್ಲಿಟ್ಟು ಫ್ರೀಜು ಎರಡೂ ಒಟ್ಟಿಗೆ ಇರಲ್ಲ, ಟೈಪ್ ಮಾಡೋವಾಗ ಫ್ರೀಜ್ ಇಟ್ಕೋ, ತಾಳೆ ನೋಡೋವಾಗ ಸ್ಪ್ಲಿಟ್ ಮಾಡ್ಕೋ. ಇದ್ಯಾವ್ದೂ ಪ್ರಿಂಟಲ್ಲಿ ಬರಲ್ಲ, ಪ್ರತಿ ಹಾಳೆ ಮೇಲೂ ಹೆಡಿಂಗ್ ಬೇಕಂದ್ರೆ ಪೇಜ್ ಲೇಔಟ್‌ನಲ್ಲಿ ಪ್ರಿಂಟ್ ಟೈಟಲ್ಸ್ ಅಂತ ಬೇರೆ ಇದೆ.

ನಾಳೆ ಆಫೀಸಿಗೆ ಹೋದ ತಕ್ಷಣ ಮೇಡಂ ಹತ್ರ ಹೋಗಿ ನೀನೇ ಹೇಳ್ಬಿಡು, ಸಂಬಳ ಹಾಕೋಕೆ ಇನ್ನೂ ನಾಲ್ಕು ದಿನ ಇದೆ, ತಿದ್ಬಹುದು. ಆ ರೈತರಿಗೂ ನಾನು ಅವತ್ತೇ ಹೊಸ ಪಟ್ಟಿ ಬರ್ದುಕೊಟ್ಟೆ. ರಾತ್ರಿ ಊಟ ಆದ್ಮೇಲೆ ವಿಡಿಯೋ ಕಾಲ್ ಮಾಡು, ನಾನು ಇಲ್ಲಿ ಲ್ಯಾಪ್‌ಟಾಪ್ ತೆಗ್ದಿಟ್ಕೊಂಡು ಕೂತಿರ್ತೀನಿ, ಇಬ್ರೂ ಸೇರಿ ಒಂದ್ಸಲ ಮಾಡಿ ನೋಡೋಣ.

ನಿನ್ನ ಅಮ್ಮ