ಆ ಬೆಳಗಿನ ಪ್ರಶ್ನೆ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಮೊನ್ನೆ ರಾತ್ರಿ ಫೋನಿನಲ್ಲಿ ನಿನ್ನ ದನಿ ಕುಗ್ಗಿತ್ತು. ಚರ್ಚಾಕೂಟದಲ್ಲಿ ಯಾರೋ ಎದ್ದುನಿಂತು, "ಸೈನಿಕ ಗುಂಡಿಗೆ ಎದೆಯೊಡ್ಡಿ ನಿಂತಿರುವಾಗ ನಾಯಕನನ್ನು ಟೀಕಿಸುವವರು ಆ ಸೈನಿಕನ ಬೆನ್ನಿಗೇ ಇರಿಯುತ್ತಾರೆ" ಎಂದರಂತೆ. ಸಭೆಯೆಲ್ಲ ಚಪ್ಪಾಳೆ ತಟ್ಟಿತಂತೆ. ನಿನಗೆ ಮಾತು ಹೊರಡಲಿಲ್ಲ. "ಅಪ್ಪಾ, ಅದರಲ್ಲಿ ಸ್ವಲ್ಪ ನಿಜವೂ ಇದೆಯಲ್ಲವೇ?" ಎಂದು ನೀನು ಕೇಳಿದಾಗ ನಾನು ಎರಡು ಮಾತಿನಲ್ಲಿ ಮುಗಿಸಿಬಿಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ಇಂಥ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಲಾಗುವುದಿಲ್ಲ. ಅದಕ್ಕೇ ಈ ಪತ್ರ.

ನೀವು ಚರ್ಚಿಸುತ್ತಿದ್ದದ್ದು ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಮತ್ತು ವಿಯೆಟ್ನಾಂ ಯುದ್ಧವನ್ನು, ಕಮ್ಯುನಿಸ್ಟ್ ಉತ್ತರ ವಿಯೆಟ್ನಾಂ ವಿರುದ್ಧ ದಕ್ಷಿಣ ವಿಯೆಟ್ನಾಂ ಪರವಾಗಿ ಅಮೆರಿಕ ನಡೆಸಿದ ಯುದ್ಧವನ್ನು. "ಅವನೊಬ್ಬ ಸುಳ್ಳುಗಾರ, ಅಷ್ಟೇ" ಎಂದೆ ನೀನು. ಅಷ್ಟೇ ಆಗಿದ್ದರೆ ನಾನು ಇಷ್ಟು ವರ್ಷ ಆ ಮನುಷ್ಯನ ಬಗ್ಗೆ ಓದುತ್ತಿರಲಿಲ್ಲ. 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ, 1965ರಲ್ಲಿ ಮತದಾನದ ಹಕ್ಕಿನ ಕಾಯ್ದೆ, ಅದೇ ವರ್ಷ ವೃದ್ಧರಿಗೆ ವೈದ್ಯಕೀಯ ವಿಮೆ: ಕರಿಯರಿಗೂ ಬಡವರಿಗೂ ಆತ ಮಾಡಿಕೊಟ್ಟದ್ದನ್ನು ಅದಕ್ಕೆ ಹಿಂದಿನ ನೂರು ವರ್ಷಗಳಲ್ಲಿ ಮಾಡಿದ ಅಧ್ಯಕ್ಷರು ಇಲ್ಲವೆಂದೇ ನನ್ನ ಅಭಿಪ್ರಾಯ. ಅಂಥವನ ಕೈಯಲ್ಲೇ ಆ ಯುದ್ಧ ಬೆಳೆಯಿತು. ಅದು ಹೇಗೆ ಎಂದು ತಿಳಿದರೆ ನಿನ್ನ ಪ್ರಶ್ನೆಯ ಅರ್ಧ ಭಾಗಕ್ಕೆ ಉತ್ತರ ಸಿಕ್ಕಂತೆ.

ಜಾನ್ಸನ್ ತನ್ನ ಫೋನ್ ಮಾತುಕತೆಗಳನ್ನು ಗುಟ್ಟಾಗಿ ಧ್ವನಿಮುದ್ರಿಸಿಕೊಳ್ಳುತ್ತಿದ್ದರು. ಆ ಟೇಪುಗಳು 1990ರ ದಶಕದಲ್ಲಿ ಹೊರಬರತೊಡಗಿದವು. ಅವುಗಳಲ್ಲಿ ಒಂದು 1964ರ ಮೇ 27ರದು. ತನ್ನ ಭದ್ರತಾ ಸಲಹೆಗಾರ ಮೆಕ್‌ಜಾರ್ಜ್ ಬಂಡಿಯ ಜೊತೆ ಮಾತನಾಡುತ್ತ ಜಾನ್ಸನ್ ಹೇಳುತ್ತಾರೆ: ಹೋರಾಡುವಷ್ಟು ಬೆಲೆ ವಿಯೆಟ್ನಾಂಗಿದೆ ಎಂದು ನನಗನ್ನಿಸುವುದಿಲ್ಲ, ಹಾಗೆಂದು ಹೊರಬರಲೂ ಆಗುವುದಿಲ್ಲ. ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪ. ಅದೇ ಮಾತುಕತೆಯಲ್ಲಿ, ಆ ದಿನ ಬೆಳಿಗ್ಗೆ ಅಧ್ಯಕ್ಷರ ಸಾಮಾನುಗಳನ್ನು ತೆಗೆದಿಡುತ್ತಿದ್ದ ಒಬ್ಬ ಸಾರ್ಜೆಂಟನ ಸುದ್ದಿ ಬರುತ್ತದೆ. ಅವನಿಗೆ ಆರು ಜನ ಮಕ್ಕಳು. ಇವನನ್ನು ನಾನು ಯಾತಕ್ಕಾಗಿ ಅಲ್ಲಿಗೆ ಕಳುಹಿಸಬೇಕು, ವಿಯೆಟ್ನಾಂ ನನಗೆ ಯಾವ ಬೆಲೆಯದು, ಈ ದೇಶಕ್ಕೆ ಯಾವ ಬೆಲೆಯದು ಎಂದು ಜಾನ್ಸನ್ ಕೇಳುತ್ತಾರೆ.

ಮಗೂ, ಆ ಪ್ರಶ್ನೆಯನ್ನು ಮತ್ತೊಮ್ಮೆ ಓದು. ಮೂರು ವರ್ಷಗಳ ನಂತರ ಬೀದಿಗಿಳಿದ ಲಕ್ಷಾಂತರ ಯುವಕರು ಕೇಳಿದ್ದು ಇದನ್ನೇ. ಅವರನ್ನು ದೇಶದ್ರೋಹಿಗಳೆಂದರು. ಅವರೆಲ್ಲರಿಗಿಂತ ಮೊದಲೇ ಅದನ್ನು ಕೇಳಿದ್ದು ಸ್ವತಃ ಅಧ್ಯಕ್ಷ, ಬಾಗಿಲು ಹಾಕಿಕೊಂಡು. ಜನರ ಮುಂದೆ ಆ ಸಂದೇಹದ ಸುಳಿವನ್ನೂ ಬಿಟ್ಟುಕೊಡಲಿಲ್ಲ. ನನ್ನ ಸಿಟ್ಟಿಗೆ ಕಾರಣ ಇದು. ಸಂದೇಹವೇ ಇಲ್ಲದ ಮೂರ್ಖನೊಬ್ಬ ಯುದ್ಧಕ್ಕೆ ನುಗ್ಗಿದ್ದರೆ ಅವನನ್ನು ಹೇಗೋ ಕ್ಷಮಿಸಬಹುದಿತ್ತು.

ಆ ಮಾತುಕತೆ ನಡೆದು ಎರಡೂವರೆ ತಿಂಗಳೂ ಆಗಿರಲಿಲ್ಲ, ಟೊಂಕಿನ್ ಕೊಲ್ಲಿಯ ಘಟನೆ ನಡೆಯಿತು. ಆಗಸ್ಟ್ 2ರಂದು ಅಮೆರಿಕದ ಮ್ಯಾಡಾಕ್ಸ್ ಎಂಬ ಯುದ್ಧನೌಕೆಯ ಮೇಲೆ ಉತ್ತರ ವಿಯೆಟ್ನಾಂನ ದೋಣಿಗಳು ದಾಳಿ ಮಾಡಿದ್ದು ನಿಜ. 4ರಂದು ಮತ್ತೊಂದು ದಾಳಿಯಾಯಿತು ಎಂದು ದೇಶಕ್ಕೆ ಹೇಳಲಾಯಿತು. ಆ ಎರಡನೆಯ ದಾಳಿ ನಡೆದೇ ಇರಲಿಲ್ಲ. 7ರಂದು ಸಂಸತ್ತು ಅಧ್ಯಕ್ಷರ ಕೈಗೆ ಅಲ್ಲಿ ಬೇಕಾದಂತೆ ಸೈನ್ಯ ಬಳಸಬಹುದೆಂಬ, ಖಾಲಿ ಚೆಕ್ಕಿನಂಥ ನಿರ್ಣಯವನ್ನು ಕೊಟ್ಟಿತು. ಪ್ರತಿನಿಧಿ ಸಭೆಯಲ್ಲಿ 416 ಮತ ಪರ, ವಿರೋಧ ಸೊನ್ನೆ. ಸೆನೆಟ್‌ನಲ್ಲಿ 88 ಪರ, 2 ವಿರೋಧ.

ಆ ಇಬ್ಬರು ಒರೆಗಾನ್‌ನ ವೇನ್ ಮೋರ್ಸ್ ಮತ್ತು ಅಲಾಸ್ಕದ ಅರ್ನೆಸ್ಟ್ ಗ್ರೂನಿಂಗ್. ಇಬ್ಬರೂ ಅಧ್ಯಕ್ಷರ ಪಕ್ಷದವರೇ. ವಿದೇಶ ನೀತಿ ಅಧ್ಯಕ್ಷರ ಸೊತ್ತಲ್ಲ, ಅದು ಜನರದು, ಜನರಿಗೆ ಸತ್ಯಾಂಶ ಕೊಡಿ ಎಂಬುದು ಮೋರ್ಸ್ ಅವರ ಹಟ. 1968ರ ಚುನಾವಣೆಯ ಹೊತ್ತಿಗೆ ಇಬ್ಬರೂ ಸ್ಥಾನ ಕಳೆದುಕೊಂಡರು. ಅವರು ಹೇಳಿದ್ದು ಸರಿ ಎಂದು ದೇಶ ಒಪ್ಪತೊಡಗಿದ ವರ್ಷವೇ ಅವರು ಸೋತರು ಎಂಬುದು ನನಗೆ ಇಂದಿಗೂ ನೋವಿನ ಸಂಗತಿ. ಚರ್ಚೆಯಲ್ಲಿ ಒಂಟಿಯಾದೆ ಎಂದು ನಿನಗೆ ಅನ್ನಿಸಿದಾಗಲೆಲ್ಲ ಆ 88 ಮತ್ತು 2 ನೆನಪಾಗಲಿ.

ಆ ವರ್ಷದ ಚುನಾವಣಾ ಭಾಷಣಗಳಲ್ಲಿ ಜಾನ್ಸನ್, ಏಷ್ಯದ ಹುಡುಗರು ಮಾಡಬೇಕಾದ ಕೆಲಸಕ್ಕೆ ಅಮೆರಿಕದ ಹುಡುಗರನ್ನು ಸಾವಿರಾರು ಮೈಲಿ ಆಚೆಗೆ ಕಳುಹಿಸುವುದಿಲ್ಲ ಎಂದರು. ಭಾರಿ ಬಹುಮತದಿಂದ ಗೆದ್ದರು. 1965ರ ಮಾರ್ಚ್ 8ರಂದು ದಕ್ಷಿಣ ವಿಯೆಟ್ನಾಂನ ದಾನಾಂಗ್‌ನಲ್ಲಿ ಮೂರೂವರೆ ಸಾವಿರ ಮರೀನ್ ಸೈನಿಕರು ಇಳಿದರು. ವಾಯುನೆಲೆಯನ್ನು ಕಾಯುವುದಕ್ಕೆ ಎಂದು ಹೇಳಲಾಯಿತು. ಏಪ್ರಿಲ್‌ನಲ್ಲಿ, ಅವರು ಮುನ್ನುಗ್ಗಿ ಹೋರಾಡಬಹುದು ಎಂಬ ಆದೇಶ ಹೊರಟಿತು. ಈ ಬದಲಾವಣೆ ಪ್ರಚಾರಕ್ಕೆ ಬರದಂತೆ ಎಲ್ಲ ಎಚ್ಚರಿಕೆಯನ್ನೂ ವಹಿಸಬೇಕೆಂದು ಅದೇ ಆದೇಶದಲ್ಲಿ ಬರೆದಿತ್ತು. ಜುಲೈ 28ರಂದು ಸೈನಿಕರ ಸಂಖ್ಯೆಯನ್ನು 75,000ದಿಂದ 1,25,000ಕ್ಕೆ ಏರಿಸುತ್ತೇವೆಂದು ಜಾನ್ಸನ್ ಪತ್ರಿಕಾಗೋಷ್ಠಿಯಲ್ಲಿ ಹೇಳಿದರು. ನೀತಿ ಬದಲಾಗಿದೆಯೇ ಎಂದು ಪತ್ರಕರ್ತರು ಕೇಳಿದ್ದಕ್ಕೆ ಎಳ್ಳಷ್ಟೂ ಇಲ್ಲ ಎಂಬ ಉತ್ತರ ಬಂತು.

ಯುದ್ಧ ಶುರುವಾದದ್ದೇ ಜನರಿಗೆ ತಿಳಿಯದ ಹಾಗೆ ಯುದ್ಧ ಶುರುವಾಯಿತು. ಆದ್ದರಿಂದ ಚರ್ಚೆ ಯಾವಾಗ ನಡೆಯಬೇಕಿತ್ತೋ ಆಗ ನಡೆಯಲಿಲ್ಲ. ನಿನ್ನ ಎದುರಾಳಿಗೆ ಕೇಳಬೇಕಾದದ್ದು ಇದನ್ನೇ: ಸೈನಿಕ ಯುದ್ಧಭೂಮಿಗೆ ಹೊರಡುವ ಮೊದಲು ಪ್ರಶ್ನಿಸಲು ಬಿಡಲಿಲ್ಲ, ಹೊರಟ ಮೇಲೆ ಪ್ರಶ್ನಿಸಬಾರದು ಎನ್ನುತ್ತೀರಿ, ಹಾಗಾದರೆ ಪ್ರಶ್ನಿಸಬೇಕಾದದ್ದು ಯಾವಾಗ?

ಒಳಗಿನವರು ಎಚ್ಚರಿಸಲಿಲ್ಲವೇ ಎಂದರೆ, ಎಚ್ಚರಿಸಿದರು. ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ 1965ರ ಫೆಬ್ರವರಿಯಲ್ಲಿ ಒಂದು ಟಿಪ್ಪಣಿ ಬರೆದರು. ಚುನಾವಣೆಯಲ್ಲಿ ನಾವು ದೊಡ್ಡ ಗೆಲುವು ಸಾಧಿಸಿದ್ದೇವೆ, ರಾಜಕೀಯ ನಷ್ಟವಿಲ್ಲದೆ ಹಿಂದೆ ಸರಿಯುವುದಕ್ಕೆ ಇದಕ್ಕಿಂತ ಒಳ್ಳೆಯ ವರ್ಷ ಸಿಗುವುದಿಲ್ಲ ಎಂದು ಅದರ ಸಾರ. ಅದಕ್ಕೆ ಪ್ರತಿಫಲವಾಗಿ ಅವರನ್ನು ವಿಯೆಟ್ನಾಂ ಕುರಿತ ಸಭೆಗಳಿಂದ ತಿಂಗಳುಗಟ್ಟಲೆ ಹೊರಗಿಟ್ಟರು. ಮುಂದೆ ಅದೇ ಹಂಫ್ರಿ ಆ ಯುದ್ಧವನ್ನು ಸಮರ್ಥಿಸುತ್ತ ತಿರುಗಿದರು, 1968ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತು ನಿಕ್ಸನ್ ಎದುರು ಅಲ್ಪ ಅಂತರದಲ್ಲಿ ಸೋತರು.

ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರರ ವಿಷಯದಲ್ಲಿ ನನಗೆ ಇಷ್ಟು ಮೃದುವಾಗಿರಲು ಸಾಧ್ಯವಿಲ್ಲ. ಅವರ ಸಹಾಯಕರಾಗಿದ್ದ ಜಾನ್ ಮೆಕ್‌ನಾಟನ್ 1965ರ ಮಾರ್ಚ್‌ನಲ್ಲಿ ಯುದ್ಧದ ಉದ್ದೇಶವನ್ನು ಶೇಕಡಾವಾರು ಲೆಕ್ಕ ಹಾಕಿದ ಟಿಪ್ಪಣಿಯೊಂದಿದೆ. 70 ಪಾಲು ಅಮೆರಿಕಕ್ಕೆ ಅವಮಾನಕರ ಸೋಲಾಗದಂತೆ ತಡೆಯುವುದು. 20 ಪಾಲು ದಕ್ಷಿಣ ವಿಯೆಟ್ನಾಂ ಚೀನದ ಪಾಲಾಗದಂತೆ ನೋಡಿಕೊಳ್ಳುವುದು. 10 ಪಾಲು ಅಲ್ಲಿನ ಜನರಿಗೆ ಉತ್ತಮವೂ ಸ್ವತಂತ್ರವೂ ಆದ ಬದುಕು. ಭಾಷಣಗಳಲ್ಲಿ ಕೇಳಿಬರುತ್ತಿದ್ದದ್ದು ಆ ಹತ್ತು ಪಾಲು. 1967ರ ಹೊತ್ತಿಗೆ ಯುದ್ಧ ಗೆಲ್ಲುವಂಥದ್ದಲ್ಲ ಎಂದು ಮೆಕ್‌ನಮಾರ ಅಧ್ಯಕ್ಷರಿಗೇ ಬರೆದು ತಿಳಿಸಿದ್ದರು. ಹುದ್ದೆ ಬಿಟ್ಟು ವಿಶ್ವಬ್ಯಾಂಕಿಗೆ ಹೋದರು. ನಾವು ಮಾಡಿದ್ದು ಭಯಂಕರ ತಪ್ಪು ಎಂದು ಬಹಿರಂಗವಾಗಿ ಬರೆದದ್ದು 1995ರಲ್ಲಿ. ಆ ಇಪ್ಪತ್ತೆಂಟು ವರ್ಷಗಳ ಮೌನಕ್ಕೆ ನಿಷ್ಠೆ ಎಂಬ ಹೆಸರು ಕೊಡುವವರಿದ್ದಾರೆ. ಸೈನಿಕನ ಬೆನ್ನಿಗೆ ಇರಿದದ್ದು ಯಾವುದೆಂದು ನನ್ನನ್ನು ಕೇಳಿದರೆ ನಾನು ಆ ಮೌನವನ್ನು ತೋರಿಸುತ್ತೇನೆ.

ಬಹಿರಂಗ ಚರ್ಚೆ ಮೊದಲ ಬಾರಿಗೆ ಮನೆಮನೆಗೆ ಬಂದದ್ದು 1966ರ ಫೆಬ್ರವರಿಯಲ್ಲಿ. ಸೆನೆಟ್‌ನ ವಿದೇಶಾಂಗ ಸಮಿತಿಯ ಅಧ್ಯಕ್ಷ ವಿಲಿಯಂ ಫುಲ್‌ಬ್ರೈಟ್ ವಿಯೆಟ್ನಾಂ ಕುರಿತು ವಿಚಾರಣೆ ನಡೆಸಿದರು, ಟಿವಿಯಲ್ಲಿ ಅದು ನೇರಪ್ರಸಾರವಾಯಿತು. ಟೊಂಕಿನ್ ನಿರ್ಣಯವನ್ನು ಸೆನೆಟ್‌ನಲ್ಲಿ ಮುಂದೆ ನಿಂತು ಪಾಸು ಮಾಡಿಸಿದ್ದವರೇ ಈ ಫುಲ್‌ಬ್ರೈಟ್. ತಪ್ಪು ಮಾಡಿದೆ ಎಂದು ಮನಗಂಡು ಎಲ್ಲರೆದುರು ತಿದ್ದಿಕೊಳ್ಳಲು ಹೊರಟ ಮನುಷ್ಯ. ಸಾಕ್ಷಿ ಹೇಳಿದವರಲ್ಲಿ ಜಾರ್ಜ್ ಕೆನನ್ ಇದ್ದರು, ಸೋವಿಯತ್ ಪ್ರಭಾವವನ್ನು ತಡೆಯುವ ನೀತಿಗೆ ರೂಪ ಕೊಟ್ಟ ರಾಜತಾಂತ್ರಿಕ. ಕೈಗೂಡದ ಗುರಿಯನ್ನು ಹಟದಿಂದ ಬೆನ್ನಟ್ಟುವುದಕ್ಕಿಂತ, ತಪ್ಪು ನಿಲುವನ್ನು ಧೈರ್ಯದಿಂದ ಬಿಟ್ಟುಕೊಡುವುದರಿಂದಲೇ ಲೋಕದಲ್ಲಿ ಹೆಚ್ಚು ಗೌರವ ಸಿಗುತ್ತದೆ ಎಂಬರ್ಥದ ಮಾತು ಹೇಳಿದರು. ವಿಚಾರಣೆ ನಡೆಯುತ್ತಿರುವಾಗಲೇ ಜಾನ್ಸನ್ ದಿಢೀರನೆ ಹೊನಲುಲುವಿನಲ್ಲಿ ಶೃಂಗಸಭೆ ಕರೆದು ಅಲ್ಲಿಗೆ ಹೊರಟರು. ಉತ್ತರ ಕೊಡಬೇಕಾದ ಹೊತ್ತಿನಲ್ಲಿ ಜನರ ಕಣ್ಣನ್ನು ಬೇರೆಡೆಗೆ ತಿರುಗಿಸುವ ಉಪಾಯ.

ಇನ್ನು ನಿನ್ನ ಎದುರಾಳಿಯ ಮಾತಿನಲ್ಲಿರುವ ನಿಜ. ಇದೆ, ಅದನ್ನು ಮುಚ್ಚಿಡುವುದಿಲ್ಲ. ಶ್ವೇತಭವನದ ಹೊರಗೆ ಹುಡುಗರು, "ಇವತ್ತು ಎಷ್ಟು ಮಕ್ಕಳನ್ನು ಕೊಂದೆ?" ಎಂದು ಪ್ರಾಸ ಕಟ್ಟಿ ಕೂಗುತ್ತಿದ್ದರು. ಮಗನನ್ನು ಯುದ್ಧಕ್ಕೆ ಕಳುಹಿಸಿದ ತಾಯಿಯ ಕಿವಿಗೆ ಅದು ಹೇಗೆ ಬಿದ್ದಿರಬಹುದು? ಕಾಲೇಜಿನಲ್ಲಿದ್ದವರಿಗೆ ಕಡ್ಡಾಯ ಸೈನಿಕ ಸೇವೆಯಿಂದ ವಿನಾಯಿತಿ ಸಿಗುತ್ತಿತ್ತು. ಕಾಲೇಜಿನ ಮೆಟ್ಟಿಲು ಹತ್ತದ ಕೂಲಿಕಾರರ ಮಕ್ಕಳು ಹೋಗಿ ಸಾಯುತ್ತಿದ್ದರು. ವಿನಾಯಿತಿ ಪಡೆದವನು ಘೋಷಣೆ ಕೂಗುವುದನ್ನು ಕಂಡು ಆ ಮನೆಗಳಲ್ಲಿ ಹುಟ್ಟಿದ ಕೋಪವನ್ನು ನಾನು ಅಜ್ಞಾನವೆಂದು ತಳ್ಳಿಹಾಕಲಾರೆ. ಯುದ್ಧದಿಂದ ಮರಳಿದ ಸೈನಿಕರನ್ನು ಅನೇಕ ಕಡೆ ಕೇಳುವವರೇ ಇರಲಿಲ್ಲ. ನೀನು ಮಾತನಾಡುವಾಗ ಆ ತಾಯಿ ಮುಂದಿನ ಸಾಲಿನಲ್ಲಿ ಕುಳಿತಿದ್ದಾಳೆ ಎಂದುಕೊಂಡು ಮಾತನಾಡು. ಆದರೆ ಮಾತನಾಡು. ಅವಳ ಮಗ ಯಾತಕ್ಕಾಗಿ ಹೋದ ಎಂಬ ಉತ್ತರ ಮೊದಲು ಸಲ್ಲಬೇಕಾದದ್ದು ಅವಳಿಗೆ.

ಜನ ಒಮ್ಮೆಲೇ ತಿರುಗಿಬೀಳಲಿಲ್ಲ. ಗ್ಯಾಲಪ್ ಸಮೀಕ್ಷೆಯ ಪ್ರಕಾರ 1965ರ ಆಗಸ್ಟ್‌ನಲ್ಲಿ ಸೈನ್ಯ ಕಳುಹಿಸಿದ್ದು ತಪ್ಪು ಎಂದವರು ಶೇ. 24, ಮೂರು ವರ್ಷಗಳ ನಂತರ ಶೇ. 53. 1967ರ ನವೆಂಬರ್‌ನಲ್ಲಿ ಸೇನಾಧಿಪತಿ ವೆಸ್ಟ್‌ಮೋರ್‌ಲ್ಯಾಂಡ್ ಅವರನ್ನು ವಾಷಿಂಗ್ಟನ್ನಿಗೆ ಕರೆಸಿ, ಯುದ್ಧದ ಕೊನೆ ಕಣ್ಣಿಗೆ ಕಾಣತೊಡಗಿದೆ ಎಂದು ಹೇಳಿಸಲಾಯಿತು. ಎರಡೇ ತಿಂಗಳಿಗೆ, 1968ರ ಜನವರಿಯ ಕೊನೆಗೆ, ವಿಯೆಟ್ನಾಮಿನ ಹೊಸವರ್ಷವಾದ ಟೆಟ್ ಹಬ್ಬದ ಹೊತ್ತಿನಲ್ಲಿ ನೂರಕ್ಕೂ ಹೆಚ್ಚು ಊರುಗಳ ಮೇಲೆ ದಾಳಿಯಾಯಿತು, ದಕ್ಷಿಣದ ರಾಜಧಾನಿ ಸೈಗಾನ್‌ನ ಅಮೆರಿಕ ರಾಯಭಾರ ಕಚೇರಿಯ ಆವರಣಕ್ಕೇ ಶತ್ರು ನುಗ್ಗಿದ. ಸೈನಿಕ ಲೆಕ್ಕದಲ್ಲಿ ಆ ದಾಳಿ ಹಿಮ್ಮೆಟ್ಟಿಸಲ್ಪಟ್ಟಿತು. ಆದರೆ ಜನ ನವೆಂಬರ್‌ನ ಮಾತನ್ನು ಮರೆತಿರಲಿಲ್ಲ. ಮಾರ್ಚ್ 12ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ನಡೆದ, ಜಾನ್ಸನ್ ಅವರದೇ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ ಯುದ್ಧವಿರೋಧಿ ಯೂಜಿನ್ ಮೆಕಾರ್ತಿ ಶೇ. 42 ಮತ ಪಡೆದರು, ಅಧಿಕಾರದಲ್ಲಿದ್ದ ಅಧ್ಯಕ್ಷರಿಗೆ ಬಂದದ್ದು ಶೇ. 49.

ಮಾರ್ಚ್ 31ರ ಬೆಳಗಿನ ಬಗ್ಗೆ ಹೇಳಲೆಂದೇ ಇಷ್ಟು ಬರೆದೆ. ಜಾನ್ಸನ್ ಅವರ ಹಿರಿಯ ಮಗಳು ಲಿಂಡಾ ಕ್ಯಾಲಿಫೋರ್ನಿಯದಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬೆಳಿಗ್ಗೆ ಶ್ವೇತಭವನಕ್ಕೆ ಬಂದಳು. ಅವಳು ಗರ್ಭಿಣಿ. ಮರೀನ್ ಪಡೆಯಲ್ಲಿದ್ದ ಗಂಡ ಚಾರ್ಲ್ಸ್ ರಾಬ್‌ನನ್ನು ವಿಯೆಟ್ನಾಂಗೆ ಬೀಳ್ಕೊಟ್ಟು ಬಂದಿದ್ದಳು. ಅಪ್ಪ, ಅಮ್ಮ ಇಬ್ಬರೂ ಕಾದಿದ್ದರು. ನನ್ನ ಗಂಡ ಅಲ್ಲಿಗೆ ಯಾಕೆ ಹೋಗಬೇಕು ಎಂದು ಅವಳು ಅಪ್ಪನನ್ನು ಕೇಳಿದಳು.

ಆರು ಮಕ್ಕಳ ತಂದೆಯಾದ ಸಾರ್ಜೆಂಟನನ್ನು ನೋಡಿ ನಾಲ್ಕು ವರ್ಷಗಳ ಹಿಂದೆ ತಾನೇ ಕೇಳಿದ್ದ ಪ್ರಶ್ನೆ ಈಗ ಮಗಳ ಬಾಯಲ್ಲಿ ಮನೆಗೇ ಬಂದಿತ್ತು. ಆ ರಾತ್ರಿ ಒಂಬತ್ತಕ್ಕೆ ಟಿವಿಯ ಮುಂದೆ ಕುಳಿತ ಜಾನ್ಸನ್, ಉತ್ತರ ವಿಯೆಟ್ನಾಂನ ಬಹುಭಾಗದ ಮೇಲೆ ಬಾಂಬ್ ದಾಳಿ ನಿಲ್ಲಿಸುವುದಾಗಿ ಹೇಳಿದರು. ಕೊನೆಯಲ್ಲಿ, ಮತ್ತೆ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸುವುದಿಲ್ಲ ಎಂದರು. ಮಗಳ ಪ್ರಶ್ನೆಯಿಂದಲೇ ಹಾಗಾಯಿತು ಎಂದು ನಾನು ಹೇಳುವುದಿಲ್ಲ, ಆ ನಿರ್ಧಾರ ತಿಂಗಳುಗಳಿಂದ ಮಾಗುತ್ತಿತ್ತು. ಆದರೂ ಒಬ್ಬ ಮಗಳ ತಂದೆಯಾಗಿ ಆ ಬೆಳಗನ್ನು ದಾಟಿ ಮುಂದಕ್ಕೆ ಹೋಗಲು ನನಗೆ ಆಗುವುದಿಲ್ಲ. ಲಿಂಡಾಳನ್ನು ಯಾರಾದರೂ ದೇಶದ್ರೋಹಿ ಎನ್ನುತ್ತಾರೆಯೇ?

ಅವಳ ಗಂಡ ಜೀವಂತ ಮರಳಿದ. ಯುದ್ಧ ಇನ್ನೂ ಏಳು ವರ್ಷ ಎಳೆಯಿತು. ವಾಷಿಂಗ್ಟನ್ನಿನ ಸ್ಮಾರಕದ ಕಪ್ಪು ಕಲ್ಲಿನ ಮೇಲೆ 58,000ಕ್ಕೂ ಹೆಚ್ಚು ಹೆಸರುಗಳಿವೆ. ವಿಯೆಟ್ನಾಂ ಸರ್ಕಾರ 1995ರಲ್ಲಿ ಕೊಟ್ಟ ಲೆಕ್ಕದಲ್ಲಿ ಅವರ ಸತ್ತ ನಾಗರಿಕರೇ ಇಪ್ಪತ್ತು ಲಕ್ಷ. ಚರ್ಚೆಯಲ್ಲಿ ಎರಡನೆಯ ಅಂಕಿಯನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹೇಳಬೇಡ. ಆ ದೇಶದಲ್ಲೂ ಅಪ್ಪಂದಿರಿದ್ದರು.

ಮುಂದಿನ ಸುತ್ತಿಗೆ ಮೊದಲು ಆ 1964ರ ಮೇ 27ರ ಟೇಪನ್ನು ಹುಡುಕಿ ನೀನೇ ಕೇಳು. ಸಾರ್ಜೆಂಟನ ಮಾತು ಬರುವಲ್ಲಿ ನಿಲ್ಲಿಸಿ ನನಗೆ ಫೋನ್ ಮಾಡು, ಎಷ್ಟೇ ರಾತ್ರಿಯಾಗಿರಲಿ. ನಾನು ಎಚ್ಚರವಾಗಿಯೇ ಇರುತ್ತೇನೆ.

ಇಂತಿ ನಿನ್ನ ಪ್ರೀತಿಯ
ಅಪ್ಪ