ಹಡಗು ಹತ್ತದ ಯೋಧ

ಮಾನ್ಯ ಸಂಪಾದಕರೇ,

ನನ್ನ ಚಿಕ್ಕಪ್ಪನವರ ನಿಧನದ ಸುದ್ದಿಯನ್ನು ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಪ್ರಕಟಿಸಿದ್ದಕ್ಕೆ ನಮ್ಮ ಮನೆಯವರೆಲ್ಲರ ಪರವಾಗಿ ಕೃತಜ್ಞತೆಗಳು. ‘ಮಾಜಿ ಸೈನಿಕ ನಿಧನ’ ಎಂಬ ತಲೆಬರಹದ ಕೆಳಗೆ ಮೂರೇ ಸಾಲುಗಳಿದ್ದವು, ವಯಸ್ಸು 92 ಎಂಬುದೂ ಸರಿಯಾಗಿತ್ತು. ಆದರೆ ಅದೇ ದಿನ ಊರಿನ ಹುಡುಗರು ಬಸ್ ತಂಗುದಾಣದ ಎದುರು ಪ್ರೀತಿಯಿಂದ ಕಟ್ಟಿದ ಶ್ರದ್ಧಾಂಜಲಿ ಫ್ಲೆಕ್ಸ್‌ನಲ್ಲಿ ಅವರ ಭಾವಚಿತ್ರದ ಹಿಂದೆ ದೊಡ್ಡದೊಂದು ಯುದ್ಧನೌಕೆ ಇತ್ತು. ಹುಡುಗರನ್ನು ದೂರುವಂತಿಲ್ಲ. ಅರ್ಗಾದ ಕದಂಬ ನೌಕಾನೆಲೆ 2005ರಲ್ಲಿ ಕಾರ್ಯಾರಂಭ ಮಾಡಿದ ನಂತರ ಹುಟ್ಟಿದವರಿಗೆ, ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಂತಿರುವ ಚಪಲ್ ನೌಕೆಯನ್ನು ನೋಡುತ್ತ ಬೆಳೆದವರಿಗೆ, ಸೈನಿಕನೆಂದರೆ ನೌಕಾಪಡೆಯವನೇ. ಚಿಕ್ಕಪ್ಪ ಮಾತ್ರ ಜನ್ಮದಲ್ಲಿ ಹಡಗು ಹತ್ತಿದವರಲ್ಲ. ಕಾಳಿ ನದಿಗೆ ಸೇತುವೆಯಿಲ್ಲದ ಕಾಲದಲ್ಲಿ ಕೋಡಿಬಾಗದಿಂದ ಸದಾಶಿವಗಡಕ್ಕೆ ದಾಟುವಷ್ಟರಲ್ಲೇ ಅವರಿಗೆ ತಲೆ ಸುತ್ತು ಬರುತ್ತಿತ್ತು. ಕಣ್ಣು ಮುಚ್ಚಿ, ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದು ಕೂರುತ್ತಿದ್ದರು.

ಅವರು ಭೂಸೇನೆಯಲ್ಲಿ ಸೇತುವೆ ಕಟ್ಟುವ, ನೆಲಬಾಂಬು ತೆಗೆಯುವ ಎಂಜಿನಿಯರ್ ಪಡೆಯಾದ ಬಾಂಬೆ ಸ್ಯಾಪರ್ಸ್‌ನವರು. ನಮ್ಮೂರಿಗೆ ಹತ್ತಿರದ ಚೆಂಡಿಯಾದ ರಾಮ ರಾಘೋಬಾ ರಾಣೆಯವರು 1948ರ ಏಪ್ರಿಲ್‌ನಲ್ಲಿ ಗಾಯಗೊಂಡ ಮೇಲೂ ಬಿಡದೆ ಜಮ್ಮು–ಕಾಶ್ಮೀರದ ನೌಶೇರಾ–ರಜೌರಿ ದಾರಿಯ ನೆಲಬಾಂಬುಗಳನ್ನೂ ಅಡ್ಡ ಕೆಡವಿದ್ದ ಮರಗಳನ್ನೂ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟು ಪರಮವೀರ ಚಕ್ರ ಪಡೆದ ಕಥೆಯನ್ನು ಕೇಳಿ, ಸೇರುವುದಾದರೆ ಅವರ ಪಡೆಗೇ ಸೇರುತ್ತೇನೆಂದು ಹಟ ಹಿಡಿದು, 1953ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ಪುಣೆಯ ಖಡಕಿಗೆ ಹೋದವರು. ಆಗ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಅವರು 1976ರಲ್ಲಿ ಹವಾಲ್ದಾರರಾಗಿ ನಿವೃತ್ತರಾಗುವ ಹೊತ್ತಿಗೆ ನಾಡಿಗೆ ಎರಡು ಸಲ ಹೆಸರು ಬದಲಾಗಿತ್ತು. ‘ಮುಂಬಯಿ ರಾಜ್ಯದಿಂದ ಹೋದೆ, ಮೈಸೂರು ರಾಜ್ಯಕ್ಕೆ ರಜೆಗೆ ಬಂದೆ, ಕರ್ನಾಟಕಕ್ಕೆ ಪಿಂಚಣಿ ತಂದೆ, ಮನೆ ಮಾತ್ರ ಇದ್ದಲ್ಲೇ ಇತ್ತು’ ಎಂದು ಹೇಳಿ ತಾವೇ ಮೊದಲು ನಗುತ್ತಿದ್ದರು.

1965ರ ಸಮರ್ ಸೇವಾ ಸ್ಟಾರ್ ಮತ್ತು 1971ರ ಪಶ್ಚಿಮೀ ಸ್ಟಾರ್ ಪದಕಗಳು ಅವರ ಕಪ್ಪು ತಗಡಿನ ಟ್ರಂಕಿನಲ್ಲಿದ್ದವು. ಯುದ್ಧದ ಬಗ್ಗೆ ಅವರು ಆಡಿದ್ದು ಬಹಳ ಕಡಿಮೆ. ಎಷ್ಟು ಜನರನ್ನು ಕೊಂದಿರಿ ಎಂದು ಮಕ್ಕಳು ಕೇಳಿದರೆ, ತನ್ನದು ಕೊಲ್ಲುವ ಕೆಲಸವಲ್ಲ, ಬಗ್ಗಿಕೊಂಡು ನೆಲ ಕೆದಕುವ ಕೆಲಸ ಎನ್ನುತ್ತಿದ್ದರು. ಪಾಕಿಸ್ತಾನದ ಶಕರಗಢದ ಕಡೆ ರಾತ್ರಿ ಹೊತ್ತು ಕಬ್ಬಿಣದ ಸರಳನ್ನು ಓರೆಯಾಗಿ ಮಣ್ಣಿಗೆ ಚುಚ್ಚುತ್ತ, ತುದಿಗೆ ಗಟ್ಟಿ ತಾಗಿದರೆ ಅಲ್ಲೇ ಕೈ ನಿಲ್ಲಿಸಿ, ಬೆರಳಿನಿಂದ ಸುತ್ತಲ ಮಣ್ಣು ಬಿಡಿಸುತ್ತಿದ್ದುದನ್ನು ಒಮ್ಮೆ ಅಂಗಳದ ಮಣ್ಣಿನಲ್ಲಿ ತೆಂಗಿನ ಗರಟೆಯೊಂದನ್ನು ಹೂತು ನನಗೆ ಮಾಡಿ ತೋರಿಸಿದ್ದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು, ಆದರೂ ಕೈ ಒಂದಿಷ್ಟೂ ಅಲುಗಲಿಲ್ಲ.

ಇಷ್ಟನ್ನು ದಾಖಲೆಗೆಂದು ಬರೆದೆ. ನಾನು ಹೇಳಬೇಕಾದದ್ದು ಬೇರೆ ಇದೆ. 92 ವರ್ಷಗಳಲ್ಲಿ ಅವರು ಸೈನಿಕರಾಗಿದ್ದದ್ದು 23 ವರ್ಷ ಮಾತ್ರ. ಉಳಿದದ್ದೆಲ್ಲ ಮನೆಯದು, ಆ 23 ವರ್ಷಗಳಲ್ಲಿಯೂ ಬಹುಪಾಲು ಮನೆಯದೇ. ನನ್ನ ತಂದೆ 1964ರಲ್ಲಿ ತೀರಿಕೊಂಡಾಗ ನನಗೆ ಏಳು ವರ್ಷ, ನನ್ನ ಬೆನ್ನಿಗೆ ಇಬ್ಬರು ತಂಗಿಯರು. ಚಿಕ್ಕಪ್ಪನಿಗೂ ಆಗಲೇ ಎರಡು ಕೂಸುಗಳಿದ್ದವು. ಹತ್ತು ದಿನದ ರಜೆಯಲ್ಲಿ ಹುಬ್ಬಳ್ಳಿಯವರೆಗೆ ರೈಲಿನಲ್ಲಿ, ಅಲ್ಲಿಂದ ಅರಬೈಲ್ ಘಟ್ಟ ಇಳಿದು ಬಸ್ಸಿನಲ್ಲಿ ಬಂದವರು, ಹೋಗುವಾಗ ನನ್ನ ಅವ್ವನಿಗೆ ಹೇಳಿದ್ದು ಒಂದೇ ಮಾತು: ‘ಅತ್ತಿಗೆ, ಒಲೆ ಒಂದೇ ಇರಲಿ.’ ಆ ಒಲೆ ಒಂದೇ ಆಗಿ ಉಳಿಯಿತು.

ತಿಂಗಳು ತಿಂಗಳು ಮನಿಯಾರ್ಡರ್ ಬರುತ್ತಿತ್ತು. ಕೆಳಗಿನ ಕೂಪನ್ನಿನ ಅಂಗೈಯಗಲ ಜಾಗದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಹಣದ ಲೆಕ್ಕ ಬರೆದಿರುತ್ತಿದ್ದರು: ಅಕ್ಕಿಗೆ ಇಷ್ಟು, ಅಜ್ಜಿಯ ಔಷಧಿಗೆ ಇಷ್ಟು, ನನ್ನ ಪಾಟಿಗೆ ಇಷ್ಟು, ಕೊನೆಯಲ್ಲಿ ‘ಬಂಗಡೆ ತಿನ್ನಿರಿ’ ಎಂದು ಎಂಟಾಣೆ. ಚಿಕ್ಕಮ್ಮನಿಗೆ ಓದು ಬರುತ್ತಿರಲಿಲ್ಲ. ಕಾಗದಗಳನ್ನು ಅಂಚೆಯವರೋ ಶಾಲೆಯ ಮಾಸ್ತರರೋ ಓದಿ ಹೇಳಬೇಕಾಗಿತ್ತು; ಗಂಡ ಹೆಂಡತಿಗೆ ಬರೆದದ್ದನ್ನು ಮೂರನೆಯವರು ಏಕೆ ಓದಬೇಕೆಂದು ಚಿಕ್ಕಪ್ಪ ಒಂದು ರಜೆಯ ಎರಡು ತಿಂಗಳು ಪೂರ್ತಿ ದಣಪೆಯ ಬಳಿ ಕೂತು ಮರಳಿನಲ್ಲಿ ಅವರಿಗೆ ಅಕ್ಷರ ತಿದ್ದಿಸಿದರು. ಊರು ನಕ್ಕಿತು. ಮುಂದಿನ ಕಾಗದಗಳಲ್ಲಿ ಏನಿತ್ತೆಂಬುದು ಯಾರಿಗೂ ತಿಳಿಯಲಿಲ್ಲ. ಚಿಕ್ಕಮ್ಮ ಅವನ್ನು ಓದಿ ಸೆರಗಿನ ಗಂಟಿಗೆ ಹಾಕಿಕೊಳ್ಳುತ್ತಿದ್ದರು, ಅಷ್ಟೇ.

ಅದೇ ಚಿಕ್ಕಮ್ಮನಿಗೆ 2004ರಲ್ಲಿ ಪಾರ್ಶ್ವವಾಯು ಬಡಿಯಿತು. ಒಂಬತ್ತು ವರ್ಷ ಅವರು ಹಾಸಿಗೆ ಬಿಟ್ಟು ಏಳಲಿಲ್ಲ. ಸೊಸೆಯಂದಿರಿದ್ದರು, ಹೆಣ್ಣುಮಕ್ಕಳು ಬಂದು ಹೋಗುತ್ತಿದ್ದರು, ಆದರೆ ಚಿಕ್ಕಪ್ಪ ಬೆಳಗಿನ ಕೆಲಸವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಐದೂವರೆಗೆ ಎದ್ದು, ನೀರು ಕಾಯಿಸಿ, ಮೈ ಒರೆಸಿ, ತೆಂಗಿನೆಣ್ಣೆ ಹಚ್ಚಿ ತಲೆ ಬಾಚಿ ಜಡೆ ಹೆಣೆದು, ಹಿತ್ತಿಲಲ್ಲಿ ಅಬ್ಬಲಿಗೆ ಅರಳಿದ್ದರೆ ಒಂದು ತುಂಡು ಮಾಲೆ ಮುಡಿಸುತ್ತಿದ್ದರು. ಸ್ಯಾಪರನ ಕೈ, ಗಂಟು ಬಿಗಿಯಾಗುತ್ತಿತ್ತು. ಮಾತು ಅರ್ಧ ಬಿದ್ದುಹೋಗಿದ್ದ ಚಿಕ್ಕಮ್ಮ, ಇದು ಸೇತುವೆ ಕಟ್ಟುವ ಹಗ್ಗ ಅಲ್ಲ ಎಂದು ತೊದಲುತ್ತ ಬೈಯುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಅವರು ಬಿಚ್ಚಿ, ಮತ್ತೆ ಮೊದಲಿನಿಂದ ಹೆಣೆಯುತ್ತಿದ್ದರು.

ಪಿಂಚಣಿಯ ವಿಷಯದಲ್ಲಿ ಅವರಿಗೆ ವಿಚಿತ್ರವಾದ ಖುಷಿ ಇತ್ತು. ಎಂಬತ್ತು ತುಂಬಿದಾಗ ಮೂಲ ಪಿಂಚಣಿಯ ಶೇ 20, ಎಂಬತ್ತೈದಕ್ಕೆ ಶೇ 30, ತೊಂಬತ್ತಕ್ಕೆ ಶೇ 40 ಹೆಚ್ಚುವರಿ ಸಿಗುವುದನ್ನು ಬೆರಳು ಮಡಚಿ ಲೆಕ್ಕ ಹೇಳಿ, ನೂರಕ್ಕೆ ಇಮ್ಮಡಿ ಕೊಡುತ್ತಾರಂತೆ, ನೋಡೋಣ ಎನ್ನುತ್ತಿದ್ದರು. ಜೀವಂತ ಪ್ರಮಾಣಪತ್ರಕ್ಕಾಗಿ ಬ್ಯಾಂಕೊಂದಕ್ಕೆ ಕರೆದೊಯ್ದಾಗ ಮಾತ್ರ ಒಂದು ವರ್ಷ ಪೇಚಾಟವಾಯಿತು. ಚಿರೆಕಲ್ಲು, ಗುದ್ದಲಿ, ಹಗ್ಗಗಳಲ್ಲಿ ಸವೆದ ಅವರ ಹತ್ತೂ ಬೆರಳುಗಳ ಗುರುತನ್ನು ಯಂತ್ರ ಒಪ್ಪಲಿಲ್ಲ, ಎರಡು ಸಲ ಅಲೆದೆವು. ನನಗೆ ಸಿಟ್ಟು ಬಂದಿತ್ತು. ಅವರು ಕೌಂಟರಿನ ಹುಡುಗಿಯ ಮುಂದೆ ಎರಡೂ ಅಂಗೈ ಹರಡಿ, ಉಳಿದದ್ದನ್ನು ಮನೆಯಲ್ಲಿ ಹುಡುಕಬೇಕು ತಂಗಿ, ಇಲ್ಲಿ ಸಿಗಲಿಕ್ಕಿಲ್ಲ ಎಂದರು.

ಕಳೆದ ಮಳೆಗಾಲದವರೆಗೂ ಮರಿಮಗಳು ಶಾಲೆಗೆ ಹೊರಟರೆ ಗದ್ದೆಯ ಹಾಳಿಯ ಮೇಲೆ ಕೋಲಿನಿಂದ ಹುಲ್ಲು ತಟ್ಟುತ್ತ ಹತ್ತು ಹೆಜ್ಜೆ ಮುಂದೆ ಅವರೇ ನಡೆಯುತ್ತಿದ್ದರು. ಹಾವಿರುತ್ತದೆ ಎಂಬುದು ನೆಪ. ಮಗುವಿಗೆ ಬೇಸರವಾಗುವಷ್ಟು ನಿಧಾನವಾಗಿ, ಒಂದು ಹೆಜ್ಜೆಯನ್ನೂ ಬಿಡದೆ ನೆಲ ನೋಡಿಕೊಂಡು, ಡಾಂಬರು ರಸ್ತೆ ಮುಟ್ಟಿದ ಮೇಲೆಯೇ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು.

ಇನ್ನು ಮುಂದೆ ಇಂಥವರ ಸುದ್ದಿ ಪ್ರಕಟಿಸುವಾಗ ಸೇವೆ ಸಲ್ಲಿಸಿದ ಪಡೆಯ ಹೆಸರಿಗೂ, ಸಾಧ್ಯವಾದರೆ ಮನೆಯ ಸಂಗತಿಗೂ ಒಂದೊಂದು ಸಾಲು ಜಾಗ ಕೊಡಬೇಕೆಂದು ವಿನಂತಿ. ಫ್ಲೆಕ್ಸ್‌ನ ತಪ್ಪನ್ನು ಹೇಳಿದಾಗ ಹುಡುಗರು ನೊಂದುಕೊಂಡು, ಹೊಸದು ಮಾಡಿಸುತ್ತೇವೆ ಎಂದರು. ಬೇಡವೆಂದೆ. ವೈಕುಂಠ ಸಮಾರಾಧನೆಯ ಮರುದಿನ ಅದನ್ನು ಬಿಚ್ಚಿ ತಂದು ಕೊಟ್ಟರು. ಚಿಕ್ಕಪ್ಪನ ಭಾವಚಿತ್ರದ ಭಾಗವನ್ನು ಕತ್ತರಿಸಿ ತೆಗೆದಿಟ್ಟು, ಹಡಗಿರುವ ಉಳಿದ ಭಾಗವನ್ನು ಚಿಕ್ಕಪ್ಪನೇ ಸೀಳಿ ಒಟ್ಟಿದ್ದ ಸೌದೆಯ ಮೇಲೆ, ಮಳೆ ಹನಿ ಒಳಗಿಳಿಯದಂತೆ, ನಾಲ್ಕೂ ಮೂಲೆಗೆ ಕಲ್ಲು ಹೇರಿ ಹೊದಿಸಿದ್ದೇವೆ.

ಇತಿ,
ದಿವಂಗತರ ಅಣ್ಣನ ಮಗ,
ಕಾರವಾರ ತಾಲ್ಲೂಕು