ಕಿಟಕಿ ಸಂದೀಲಿದ್ದ ನೆಟ್ಟಿನ ರೋಗ ಕಂಡುಹಿಡಿದ ಲೈನ್‌ಮನ್ ಅಣ್ಣಂಗೆ ಥ್ಯಾಂಕ್ಸ್

ಶಿರಸೀಲಿ ಮಳೆ ಹಿಡಿದಾಗಿಂದ ನಮ್ಮನೆ ನೆಟ್ಟಿಗೆ ಒಂದೇ ರೋಗ, ಹಗಲೆಲ್ಲ ಸರಿ ಇರ್ತಿತ್ತು, ಸಂಜೆ ಏಳಾಗಿ ನಾನು ಮೊಬೈಲಲ್ಲಿ ಬಿಜಿಎಂಐ ಗೇಮ್ ಆಡೋಕೆ ಕೂತೆ ಅಂದ್ರೆ 40 ಇದ್ದ ಪಿಂಗು (ನೆಟ್ ಎಷ್ಟು ತಡ ಮಾಡ್ತದೆ ಅನ್ನೋ ಲೆಕ್ಕ, ಕಮ್ಮಿ ಇದ್ದಷ್ಟೂ ಒಳ್ಳೇದು) 800ಕ್ಕೆ ಹೋಗಿ ಮೋಡೆಮ್ಮಲ್ಲಿ ಕೆಂಪು ಲೈಟು. ಫೋನ್ ಮಾಡಿದ್ರೆ ರೀಸ್ಟಾರ್ಟ್ ಮಾಡಿ ಅನ್ನೋದೊಂದೇ ಉತ್ತರ.

ಶನಿವಾರ ಜೋರು ಮಳೇಲಿ ಬಂದ ಲೈನ್‌ಮನ್ ಅಣ್ಣ ಮೋಡೆಮ್ ಮುಟ್ಟೋ ಮೊದಲೇ "ತಮಾ, ಸಂಜೆ ಹೊತ್ತಿಗೆ ಮನೇಲಿ ಏನು ಮಾಡ್ತೀರಿ?" ಅಂದ್ರು. ಆಯಿ ಒಳಗಿಂದ "ಸೊಳ್ಳೆ ಬರ್ತದೆ ಅಂತ ಕಿಟಕಿ ಹಾಕ್ತೇನೆ" ಅಂದ್ಲು. ಅಷ್ಟೇ! ಫೈಬರ್ ವೈರು ಕಿಟಕಿ ಸಂದೀಲಿ ಸಿಕ್ಕಿ ಮಡಚ್ತಿತ್ತು, ಒಳಗಿರೋದು ಗಾಜಿನ ಎಳೆ, ನೆಟ್ ಬರೋದೇ ಅದರೊಳಗಿನ ಬೆಳಕಲ್ಲಿ, ಮಡಚಿದ್ರೆ ಬೆಳಕು ಸೋರಿ ಹೋಗ್ತದೆ. ಬೆಳಕು ಅಳೆಯೋ ಮೀಟರಲ್ಲಿ ಮೈನಸ್ 29, ಅಂದ್ರೆ ತೀರಾ ಕಮ್ಮಿ ಬೆಳಕು, ಇದ್ದಿದ್ದು ಕತ್ತರಿಸಿ ಹೊಸ ಕನೆಕ್ಟರ್ ಹಾಕಿ ಬೇರೆ ಕಡೆಯಿಂದ ಎಳೆದಮೇಲೆ ಮೈನಸ್ 20, ಅಂದ್ರೆ ಸಾಕಷ್ಟು ಬೆಳಕು.

ಆಮೇಲೆ ಮೊಣಕಾಲೂರಿ ಕೂತು ಟೇಪಿಂದ ನೆಲ ಒತ್ತಿ ಒತ್ತಿ ಗಾಜಿನ ಚೂರು ತೆಗೆದ್ರು, "ಕೂದಲಷ್ಟಿರ್ತದೆ, ಅಮ್ಮನ ಕಾಲಿಗೆ ಚುಚ್ಚಿದ್ರೆ ಕಾಣೂದಿಲ್ಲ" ಅಂತ. "ಒಂದು ಮ್ಯಾಚ್ ಆಡು, ನಾ ನಿಲ್ತೆ" ಅಂದು ಕಷಾಯ ಕುಡೀತಾ ನಿಂತೇ ಇದ್ರು. ದುಡ್ಡು ಮುಟ್ಟಲಿಲ್ಲ.

ಹೆಸರು ಕೇಳೋದೇ ಮರೆತೆ. ಅಣ್ಣಾ, ನಿನ್ನೆ ರಾತ್ರಿ ಹನ್ನೊಂದರ ತನಕ ಆಡಿದೆ, ಕಿಟಕಿ ಹಾಕೇ ಇತ್ತು.